ಅಂಟು

ಗುಜರಿ ಇದ್ದಿನಬ್ಬ ಎಣಿಸಿ ಕೊಟ್ಟದ್ದು ನಲವತ್ತು.
ಗೋಣಿ ಬಿಚ್ಚಿದರೆ ಮೂವತ್ತೊಂಬತ್ತು, ಮತ್ತೆ
ಒಂದು ಕುತ್ತಿಗೆ.
ಎಲ್ಲ ಕಂದು ಬಣ್ಣದ ಬಿಯರ್ ಬಾಟಲಿಗಳು,
ಒಳಗೆ ಹಳಸಿದ ಹುಳಿ, ಸತ್ತ ನೊಣ,
ಒಂದರಲ್ಲಿ ಬೀಡಿಯ ತುಂಡು.

ಭರಣಿಯ ದ್ರಾಕ್ಷಿಗೆ ಇವತ್ತು ಹದಿನೇಳನೇ ದಿನ.
ಬಟ್ಟೆ ಕಟ್ಟಿದ ಬಾಯಿಗೆ ಕಿವಿಯಿಟ್ಟರೆ
ಪಿಸಪಿಸ, ಪಿಸಪಿಸ,
ಇಗರ್ಜಿಯ ಹಿಂದಿನ ಬೆಂಚಿನ ಹೆಂಗಸರ ಹಾಗೆ.
ಇನ್ನು ನಾಲ್ಕು ದಿನ ಉಂಟು.
ಅಷ್ಟರೊಳಗೆ ಇವುಗಳ ಹೆಸರು ಕಳಚಬೇಕು.

ಬಾವಿಕಟ್ಟೆಯ ಪಕ್ಕ ಹಳೆಯ ಹಂಡೆ,
ಬಿಸಿನೀರು, ಎರಡು ಹಿಡಿ ವಾಷಿಂಗ್ ಸೋಡ.
ಕೆಲವು ಒಳ್ಳೆಯವು:
ಒಂದು ಲೋಟ ಚಾ ಕುಡಿದು ಬರುವಷ್ಟರಲ್ಲಿ
ಚೀಟಿ ತಾನಾಗಿ ಬಿಟ್ಟು ತೇಲುತ್ತದೆ,
ಚಿನ್ನದ ಬಣ್ಣದ ಹಕ್ಕಿಯೊಂದು ಅಂಗಾತ ಮಲಗಿ.
ಕೆಲವಕ್ಕೆ ತೆಂಗಿನ ನಾರು ಬೇಕು, ಬೂದಿ ಬೇಕು.
ಬೆಳ್ಳಿ ಕಾಗದದವಕ್ಕೆ ಎಣ್ಣೆ ಹಚ್ಚಿ
ರಾತ್ರಿಯಿಡೀ ಬಿಡಬೇಕು,
ಮುನಿದ ಮಗುವನ್ನು ಬಿಟ್ಟ ಹಾಗೆ.
ಉಗುರಿನಲ್ಲಿ ಕೆರೆಯಬಾರದು. ನಾನು ಕೆರೆದೆ.

"ಎಂತ ಅತ್ತಿಗೆ, ಅಂಗಡಿಯಲ್ಲಿ ಹೊಸ ಬಾಟಲಿ ಸಿಗುವುದಿಲ್ಲವಾ?"
ಬೇಲಿಯಾಚೆಯಿಂದ ಅಪೊಲಿನ್.
ಸಿಗುತ್ತದೆ.
ಅವಳಿಗೆ ಗೊತ್ತಿಲ್ಲ, ಗೊತ್ತಿದ್ದರೂ ಮರೆತಿದ್ದಾಳೆ,
ಹನ್ನೊಂದು ವರ್ಷ ಬೈಕಂಪಾಡಿಯ ಶೆಡ್ಡಿನೊಳಗೆ
ಬಾಟಲಿಗೆ ಚೀಟಿ ಅಂಟಿಸಿದವಳು ನಾನು,
ಯಂತ್ರ ಬರುವ ಮೊದಲು.

ಕುಲಶೇಖರದಿಂದ ಎರಡು ಬಸ್ಸು, ಇಳಿದ ಕೂಡಲೇ ಅಂಟು ಕುದಿಸುವುದು.
ಬ್ರಷ್ಷಿನ ಒಂದು ಎಳೆತ, ಹೆಬ್ಬೆರಳ ಒಂದು ಒತ್ತು,
ಪಕ್ಕದವಳಿಗೆ ದಾಟಿಸು.
ಗಂಟೆಗೆ ಇನ್ನೂರು.
ಊಟದ ಹೊತ್ತಿಗೆ ಬೆರಳಿಗೆ ಬೆರಳು ಅಂಟಿ
ಬಂಗುಡೆಯ ಮುಳ್ಳು ಬಿಡಿಸಲಾಗದೆ
ಬರೀ ಸಾರಿನಲ್ಲಿ ಉಂಡದ್ದುಂಟು.
ಸೂಪರ್‌ವೈಸರ್ ತುಕ್ರಪ್ಪಣ್ಣ
ಬಾಟಲಿಯನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದ:
"ನಿನ್ನದು ಎಡಕ್ಕೆ ವಾಲುತ್ತದೆ, ಸೆರಫಿನ್.
ಕುಡಿಯುವ ಮೊದಲೇ ಅಮಲು."
ಎಲ್ಲರೂ ನಗುತ್ತಿದ್ದರು. ನಾನೂ.
ಸಂಬಳದಲ್ಲಿ ಎರಡು ರೂಪಾಯಿ ಹಿಡಿಯುತ್ತಿದ್ದ.
ಐಸಿನಲ್ಲಿಟ್ಟರೂ ಬಿಡದ ಹಾಗೆ ಅಂಟಿಸುವುದು,
ಕಲಿತದ್ದು ಅದೊಂದೇ ವಿದ್ಯೆ.
ಈಗ ಅದನ್ನೇ ಕೊನೆಯಿಂದ ಮೊದಲಿಗೆ ಓದುತ್ತಿದ್ದೇನೆ.

ಇಪ್ಪತ್ತೆಂಟನೆಯದು ಬಿಡುತ್ತಿಲ್ಲ.
ಸೋಡ ಆಯಿತು, ಎಣ್ಣೆ ಆಯಿತು, ಚಿಮಿಣಿ ಎಣ್ಣೆಯೂ ಆಯಿತು.
ಹೆಸರು ಹೋಯಿತು, ಬಣ್ಣ ಹೋಯಿತು,
ಬಿಳಿಯ ಒಂದು ಚೌಕ ಮಾತ್ರ ಗಾಜು ಕಚ್ಚಿ ಕೂತಿದೆ.
ನೋಡುತ್ತೇನೆ,
ಎಡಕ್ಕೆ ವಾಲಿದೆ.

ನನ್ನದಲ್ಲ ಬಿಡಿ. ಆ ಶೆಡ್ಡು ಮುಚ್ಚಿ ಇಪ್ಪತ್ತಾರು ವರ್ಷ,
ಬಾಟಲಿಗೆ ಅಷ್ಟು ಆಯುಸ್ಸು ಎಲ್ಲಿಯದು?
ಯಂತ್ರಕ್ಕೂ ಒಮ್ಮೊಮ್ಮೆ ಕೈ ತಪ್ಪಬಹುದು.
ಆದರೂ ನಾರು ಕೆಳಗಿಟ್ಟೆ.
ಅದರ ಮೇಲೆ ಹೆಬ್ಬೆರಳು ಒತ್ತಿದೆ, ಸುಮ್ಮನೆ,
ಅಳತೆ ನೋಡುವವಳ ಹಾಗೆ.

ಚರಂಡಿಯಲ್ಲಿ ಕಾಗದದ ಮುದ್ದೆ ಸಿಕ್ಕಿ ನೀರು ನಿಂತಿದೆ.
ಕೋಳಿಯೊಂದು ಬಂದು ಚಿನ್ನದ ಚೂರು ಕುಕ್ಕಿ,
ರುಚಿ ಹತ್ತದೆ ಬಿಟ್ಟು ಹೋಯಿತು.
ಬೋರಲು ಬಿದ್ದ ಮೂವತ್ತೆಂಟು ಬಾಟಲಿ, ಹೆಸರಿಲ್ಲದೆ, ಬಿಸಿಲಿಗೆ.
ಇದನ್ನು ಬೇರೆ ಇಟ್ಟೆ.
ಮೊದಲ ಸೌಟು ಇದಕ್ಕೆ.
ಹಬ್ಬಕ್ಕೆ ಬಂದವರು ನೋಡಲಿ,
ಮುದುಕಿಗೆ ನೆಟ್ಟಗೆ ತೊಳೆಯಲೂ ಬರುವುದಿಲ್ಲ
ಎಂದುಕೊಂಡು ಕುಡಿಯಲಿ.