ಇಳಿತದ ವೇಳೆಗೆ ಬನ್ನಿ

ಹತ್ತೊಂಬತ್ತನೆಯ ಮಾಳಿಗೆ, ಬಿ ವಿಂಗ್, ಶಿವ್ಡಿ ಪೂರ್ವ.
ಬೀಗದ ಕೈ ನನ್ನ ಜೇಬಿನಲ್ಲಿ ಹದಿನಾಲ್ಕು ತಿಂಗಳಿಂದ
ಚಿಲ್ಲರೆ ಕಾಸಿನ ಜೊತೆ ಸಂಸಾರ ಹೂಡಿದೆ.

ನಲವತ್ತೊಂದು ಪಾರ್ಟಿ ಬಂದು ಹೋದವು.
ಚಪ್ಪಲಿ ಬಿಡುವ ಮೊದಲೇ ಎಲ್ಲರಿಗೂ ಕಿಟಕಿಗೆ ಓಟ.
ಕೆಳಗೆ ಕೆಸರು, ಕೆಸರಿನ ಮೇಲೆ
ಯಾರೋ ಒಗೆದು ಹರವಿದಂತೆ ಗುಲಾಬಿ ಹಕ್ಕಿಗಳು,
ಆಚೆ ತುಕ್ಕು ತಿಂದ ಹಡಗು, ಅದರಾಚೆ
ನೀರಿನ ಮೇಲೆ ಗೆರೆ ಎಳೆದು ಹೋದ ಸೇತುವೆ.
"ಅರೇ ವಾಹ್!"
ಫೋನು ತೆಗೆದು ಎದೆಮಟ್ಟಕ್ಕೆ ಹಿಡಿದು
ಅಷ್ಟೂ ಸಮುದ್ರವನ್ನು ಜೇಬಿಗಿಳಿಸಿ
"ತಿಳಿಸ್ತೇವೆ ಕರ್ಕೇರಾ" ಎಂದು ಲಿಫ್ಟಿನ ಗುಂಡಿ ಒತ್ತುತ್ತಾರೆ.
ಲಿಫ್ಟು ಬರಲು ಆರು ನಿಮಿಷ.
ಅಷ್ಟರಲ್ಲಿ ಕಾರಣಗಳು ಬಂದು ತಲುಪುತ್ತವೆ:
ಒಲೆ ನೈರುತ್ಯಕ್ಕಿದೆ.
ಮೇಂಟೆನೆನ್ಸು ಹದಿನೇಳು ಸಾವಿರ, ಯಾರಪ್ಪನ ಗಂಟು?
ಲಿಫ್ಟು ಬರಲು ಆರು ನಿಮಿಷ.

ಕಾನೂನು ಓದಿದವನೊಬ್ಬ ಕಾಗದ ತಿರುವಿ ಕೇಳಿದ:
ಕಾರ್ಪೆಟ್ಟು ಆರುನೂರ ಎಂಬತ್ತು, ಬರೆದಿದೆ.
ಪಾರ್ಕಿಂಗು ಒಂದು, ಬರೆದಿದೆ.
ಸಮುದ್ರ ಎಷ್ಟು ಚದರಡಿ?
ಅಗೋ, ಆ ಗೋದಾಮಿನ ಸುತ್ತ ನೀಲಿ ತಗಡು ಎದ್ದಿದೆಯಲ್ಲ,
ಅಲ್ಲಿ ನಾಳೆ ನಲವತ್ತು ಮಾಳಿಗೆ ನಿಂತರೆ
ಇದನ್ನೆಲ್ಲ ವಾಪಸು ಕೊಡುವವರು ಯಾರು?
ನಾನು ಕೆಮ್ಮಿದೆ.
ಕೆಮ್ಮು ನಮ್ಮ ಕಸುಬಿನ ಪೂರ್ಣವಿರಾಮ.

ನಿಜ ಹೇಳುತ್ತೇನೆ, ನಾನು ಪಂಚಾಂಗ ನೋಡಿ ಮನೆ ತೋರಿಸುವವನು.
ತಿಥಿಗಲ್ಲ, ಉಬ್ಬರ ಇಳಿತಕ್ಕೆ.
ಇಳಿತದಲ್ಲಿ ಹಕ್ಕಿ ಹತ್ತಿರ ಬರುತ್ತವೆ, ಕೆಸರು ನಾರುತ್ತದೆ.
ಉಬ್ಬರದಲ್ಲಿ ನೀರು ಹೊಳೆಯುತ್ತದೆ, ಹಕ್ಕಿ ಇರುವುದಿಲ್ಲ.
ನಡುವೆ ನಲವತ್ತು ನಿಮಿಷದ ಒಂದು ಸಂದಿಯಿದೆ,
ಆ ಸಂದಿಯಲ್ಲಿ ಮಾತ್ರ ಈ ಮನೆಗೆ
ಎರಡು ಕೋಟಿ ತೊಂಬತ್ತು ಲಕ್ಷ.
ಮಲ್ಪೆಯಲ್ಲಿ ನಮ್ಮಜ್ಜ ಇದೇ ಲೆಕ್ಕದಲ್ಲಿ ದೋಣಿ ನೂಕುತ್ತಿದ್ದ.
ಅವನಿಗೆ ಬಂಗುಡೆ ಸಿಗುತ್ತಿತ್ತು.
ನಾನು ಪರೇಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಗಿರಾಕಿಗೆ ಫೋನು ಹಚ್ಚುತ್ತೇನೆ:
ಬೇಗ ಬನ್ನಿ ಸರ್, ನೀರು ಏರುತ್ತಾ ಇದೆ.

ಅದೇ ಅಜ್ಜನ ಮನೆಯ ಬಾಗಿಲು ಪೂರ್ವಕ್ಕಿತ್ತು.
ಕಡಲಿಗೆ ಬೆನ್ನು.
"ದಿನವಿಡೀ ಅದರ ಮುಖ ನೋಡಿ ಬಂದದ್ದು ಸಾಲದೇ?" ಎನ್ನುತ್ತಿದ್ದಳು ಅಜ್ಜಿ,
ಸಾಲ ಕೊಟ್ಟವನ ಬಗ್ಗೆ ಹೇಳುವ ಹಾಗೆ.

ಒಡತಿ ಸುಲಭಾ ಪೋತ್ನಿಸ್, ಪುಣೆಯಿಂದ ಪ್ರತಿ ಭಾನುವಾರ:
"ಮನೆಯ ದರ ಇಳಿಸಬಹುದು ಕರ್ಕೇರಾ, ನೋಟದ ದರ ಹೇಗೆ ಇಳಿಸಲಿ?
ಆ ಕಿಟಕಿಗೆಂದೇ ಎಪ್ಪತ್ತು ಲಕ್ಷ ಹೆಚ್ಚು ಕೊಟ್ಟವಳು ನಾನು."
ನೀವು ಎಷ್ಟು ಸಲ ನೋಡಿದಿರಿ ಬಾಯಿ, ಎಂದುಬಿಟ್ಟೆ.
ಆಚೆ ಮಿಕ್ಸರು ನಿಂತಿತು.
"ಮೊದಲ ವರ್ಷ ದಿನಾ.
ಆಮೇಲೆ, ಯಾರಾದರೂ ಬಂದಾಗ."

ನಿನ್ನೆ ಪಾರ್ಟಿ ಬರಲಿಲ್ಲ.
ಡಬ್ಬಿ ಬಿಚ್ಚಿ, ಕಿಟಕಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತೆ.
ಆಗ ಕಂಡಿತು ಮನೆ:
ಸಿಲಿಂಡರು ನಿಂತಲ್ಲಿ ತುಕ್ಕಿನ ಉಂಗುರ,
ಸ್ವಿಚ್ಚಿನ ಸುತ್ತ ಬೆರಳುಗಳ ಎಣ್ಣೆ,
ಯಾರೋ ಕುಳ್ಳಗಿನವರು ತಮ್ಮ ಕೈಗೆಟಕುವಂತೆ ಹೊಡೆಸಿಕೊಂಡ ಶೆಲ್ಫು,
ಒಳಕೋಣೆಯ ಮೂಲೆಯಲ್ಲಿ ಮಧ್ಯಾಹ್ನ ಮೂರಕ್ಕೂ ತಂಪು.
ಇಲ್ಲಿ ಜ್ವರ ಬಂದವರು ಮಲಗಬಹುದು.
ಗಂಜಿ ಉಕ್ಕಿಸಿಕೊಂಡು ಜಗಳವಾಡಬಹುದು.

ಇವತ್ತು ಪರದೆ ಎಳೆದಿಟ್ಟೆ.
ನಲವತ್ತೆರಡನೆಯ ಪಾರ್ಟಿ: ಗಂಡ, ಹೆಂಡತಿ, ಹೆಂಡತಿಯ ಅಕ್ಕ.
ಅಕ್ಕ ನೇರ ಅಡುಗೆಮನೆಗೆ ನಡೆದು ನಲ್ಲಿ ತಿರುಗಿಸಿ
"ನೀರು ಎಷ್ಟು ಹೊತ್ತಿಗೆ?" ಎಂದಳು.
ಎದೆ ಡವಗುಟ್ಟಿತು. ಬೆಳಿಗ್ಗೆ ಆರರಿಂದ ಎಂಟು, ಎಂದೆ.
"ಬಟ್ಟೆ ಒಣಗಿಸೋದು ಎಲ್ಲಿ?"
ಎನ್ನುತ್ತ, ಉತ್ತರಕ್ಕೂ ಕಾಯದೆ
ಪರದೆಗೆ ಕೈ ಹಾಕಿದಳು.