ನೆಲ ಡೊಂಕು

ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ —
ಈ ಮಾತು ಕೇಳಿ ಕೇಳಿ ಬೆಳದಾಕಿ ನಾನು.
ಅದಕ್ಕ ಮೊದಲ ನನ್ನ ಕಾಲು ನೋಡಿಕೊಂಡೆ.

ಬ್ಯಾಡಗಿ ವೇ ಬ್ರಿಜ್ಜಿನ ಮೈಲಾರೆಪ್ಪನ ಫೋನು:
"ಅಕ್ಕಾರ, ಖಾಲಿ ಲಾರಿ ತುಂಬಿದ ಲಾರಿಗಿಂತ ಭಾರ ಆಗೇತ್ರಿ.
ಮೆಣಸಿನಕಾಯಿ ತೂಕ ಮೈನಸ್ ನಲವತ್ತು ಕ್ವಿಂಟಲ್.
ದಲಾಲ ನಗಾಕ್ಹತ್ಯಾನ, ಮಾಲು ತಂದಾಂವ ನಗವಲ್ಲ."

ತೂಕದ ಲೆಕ್ಕದ ಆ ಲೈಬ್ರರಿ ನಂದು.
ಹಾವೇರಿಯ ಈ ಅಟ್ಟದ ಖೋಲಿಯೊಳಗ ಹನ್ನೊಂದು ವರ್ಷ
ಪುಕ್ಕಟೆ ಬರದದ್ದು, ಪುಕ್ಕಟೆ ತಿದ್ದಿದ್ದು.
ಯಾರ್ಯಾರ ಕಾಟಾದ ಕೆಳಗ ಹೋಗಿ ಕೂತೈತೋ ನನಗೂ ಗೊತ್ತಿಲ್ಲ.

'ಸೊನ್ನಿಗಿಂತ ಕೆಳಗ ಇಳದರ ನಿಲ್ಲು' —
ನಾ ಬರದ ಸಾಲು ಅಲ್ಲೇ ಐತಿ, ಕಣ್ಣಿಗೆ ಕಾಣತೈತಿ.
ನಿಲ್ಲವಲ್ದು.
ಒಳಗೇನಾಗೇತಿ ನೋಡೂಣಂತ ಒಂದು ಪ್ರಿಂಟ್ ಹಾಕಿದೆ;
ನಿಂತಿತು!
ಪ್ರಿಂಟ್ ತಗದೆ; ಮತ್ತ ಮೈನಸ್ ನಲವತ್ತು.
ಮಾಸ್ತರು ಬಂದಾಗಷ್ಟ ಪಾಟಿ ಮ್ಯಾಲ ಕಣ್ಣಿಡೋ ಹುಡುಗನಂಗ.

ಏಳು ರಾತ್ರಿ ನನ್ನ ನಾನ ಬೈಕೊಂಡೆ.
ಕಂಪೈಲರ್ ತಪ್ಪು ಅನ್ನಾಕ ಬಾಯಿ ಬರಲಿಲ್ಲ,
ಸಾವಿರ ಮಂದಿ ಶ್ಯಾಣ್ಯಾರು ಕಟ್ಟಿದ್ದು ಅದು;
ನಾ ಯಾರು?

ಕೆಳಗಿನ ಮನಿಯೊಳಗ ದಸ್ತಗೀರಸಾಬ ಫರಸಿ ಹಾಕತಿದ್ದ.
ಚಹಾ ಕೊಡಾಕ ಹೋದರ ನೆಲದ ಮ್ಯಾಲ ರಸಮಟ್ಟ,
ಹಸರು ನೀರಿನ ಗುಳ್ಳಿ ಒಂದು ಕೂದಲೆಳಿ ಎಡಕ್ಕ.
"ಬಾಯಿಲೆ ಡೊಂಕು ಅಂದ್ರ ಮಾಲಕರು ನಂಬಂಗಿಲ್ರೀ,
ಇದನ್ನ ಇಟ್ಟು ಸುಮ್ನ ನಿಂತ್ರ ಸಾಕು."

ಮ್ಯಾಲ ಬಂದು ಕೊಯ್ಯಾಕ ಕೂತೆ.
ಲಾರಿ ತಗದೆ, ಚೀಲ ತಗದೆ, ಮೆಣಸಿನಕಾಯಿ ತಗದೆ,
ದರ, ದಲಾಲಿ, ಹಮಾಲಿ, ತಾರೀಖು —
ನಾಕು ಸಾವಿರ ಸಾಲು ಹೋಗಿ ಒಂಬತ್ತು ಉಳದವು.
ಒಂಬತ್ತರಾಗೂ ಡೊಂಕು ಹಂಗ ಇತ್ತು.
ಯಂತ್ರದ ಭಾಷಾದಾಗ ಇಳದು ನೋಡಿದರ
ನನ್ನ ಸಾಲಿನ ಜಾಗಾದಾಗ ಏನೂ ಇಲ್ಲ:
'ಇದು ಎಂದೂ ಆಗೂದಿಲ್ಲ' ಅಂತ ತಾನ ತಿಳಕೊಂಡು
ಲಗೂ ಓಡೋ ಆಸೇಕ್ಕ
ಕಾವಲುಗಾರನ್ನ ಮನಿಗೆ ಕಳಿಸಿಬಿಟ್ಟಿತ್ತು.

ಆ ಒಂಬತ್ತು ಸಾಲು ಕಟ್ಟಿದವರಿಗೆ ಕಳಿಸಿದೆ.
ಸೋಮವಾರದ ಪ್ಯಾಟಿ ಅವರ ಉತ್ತರಕ್ಕ ಕಾಯಂಗಿಲ್ಲ.
ಬ್ಯಾಡಾದ ಒಂದು ಸಾಲು ತುರುಕಿದೆ,
ಅಲಗಾಡೋ ಮೇಜಿನ ಕಾಲಿಗೆ ಮಡಚಿದ ರಟ್ಟು ಇಟ್ಟಂಗ;
ಪಕ್ಕದಾಗ ಬರದೆ:
'ತಗೀಬ್ಯಾಡ್ರಿ. ಇಲ್ಲೆ ನೆಲ ಡೊಂಕೈತಿ.'

ಹದಿನಾರನೇ ದಿನ ಬಂತು:
ಹೌದು, ತಪ್ಪು ನಮ್ಮದು. ಮುಂದಿನ ಆವೃತ್ತಿಯಲ್ಲಿ ಸರಿಯಾಗುತ್ತದೆ.
ಕುಣೀಬೇಕಿತ್ತು. ಕುಣೀಲಿಲ್ಲ.
ರಟ್ಟು ತಗೀಬೇಕಿತ್ತು. ತಗೀಲಿಲ್ಲ.
ಮೈಲಾರೆಪ್ಪನ ಧೂಳು ತಿಂದ ಕಂಪ್ಯೂಟರಿಗೆ
ಮುಂದಿನ ಆವೃತ್ತಿ ಮುಂದಿನ ಜನ್ಮಕ್ಕ ಬಂದೀತು.

ನಿನ್ನೆ ಲಕ್ಷ್ಮೇಶ್ವರದಿಂದ ಇನ್ನೊಂದು ದೂರು.
ಈಗ ಧೈರ್ಯ ಬಂದೇತಲ್ಲ,
ನೆಟ್ಟಗ ನೆಲಕ್ಕ ರಸಮಟ್ಟ ಇಟ್ಟೆ.
ಗುಳ್ಳಿ ನಟ್ಟನಡುವ.

ಕಾಲು ನಂದ.