ಹಸಿ ಲೆಕ್ಕ

ಫಲೊಂಬೆಯ ಈ ಕಡೆ, ಮುಲಾಂಜೆ ಬೆಟ್ಟದ ಬುಡದಲ್ಲಿ,
ಸೈಕಲ್ಲಿನ ಹಿಂದೆ ನಮೂನೆ ಪುಸ್ತಕ ಕಟ್ಟಿಕೊಂಡು
ಒಲೆ ಎಣಿಸುವುದು ನನ್ನ ಕೆಲಸ.
ನಗಬೇಡಿ. ದೇಶವೊಂದು ಲೋಕಕ್ಕೆ ಮಾತು ಕೊಟ್ಟಿದೆ,
ಇಷ್ಟು ವರ್ಷದೊಳಗೆ ಇಷ್ಟು ಹೊಗೆ ಕಡಿಮೆ.
ಆ ಮಾತಿನ ಯಾವುದೋ ಪುಟದಲ್ಲಿ
ಒಂದು ಸಾಲು: ಮಣ್ಣಿನ ಒಲೆ.
ಆ ಸಾಲಿನ ಬಾಲದ ತುದಿ ನಾನು.

ಪುಸ್ತಕದಲ್ಲಿ ಎರಡು ಕಾಲಂ.
ಒಂದು, ನಮ್ಮ ಕೈಲಾದದ್ದು.
ಇನ್ನೊಂದು, ನೆರವು ಬಂದರೆ.
ಮೊದಲನೆಯದು ಬರಗಾಲದ ಚಿಲ್ವಾ ಸರೋವರ,
ನಡೆದೇ ದಾಟಬಹುದು.
ಎರಡನೆಯದು ತುಂಬಿ ತುಳುಕುತ್ತದೆ:
ಬಂದರೆ ಕಾಡು, ಬಂದರೆ ಸೋಲಾರ್, ಬಂದರೆ ಒಡ್ಡು,
ಬಂದರೆ ಮಳೆಯ ಮುನ್ಸೂಚನೆಗೊಂದು ಗೋಪುರ.
ಬಂದರೆ ಎಂಬ ಪದಕ್ಕೆ ದೇಶವೇ ಒರಗಿ ಕೂತಿದೆ,
ಬಸ್ಸು ನಿಂತುಹೋದ ದಾರಿಯ ಕಂಬಕ್ಕೆ ಒರಗಿದ ಹಾಗೆ.

ಎನೆಲೆಸಿಯ ಒಲೆಗಳು ಮಾತ್ರ ಮೊದಲ ಕಾಲಂನವು.
ಹುತ್ತದ ಮಣ್ಣು, ಹೊಳೆಯ ನೀರು,
ಹನ್ನೊಂದು ಹೆಂಗಸರ ಹಿಮ್ಮಡಿ.
ಅದರಲ್ಲಿ ಫಲೆಸಿಯ ತುಳಿತ
ರಸ್ತೆಗೇ ಕೇಳುತ್ತಿತ್ತು.

ಮಾರ್ಚಿಯ ಮೊದಲ ವಾರ ನಾನು ಹೋದಾಗ
ಹುಲ್ಲಿನ ಚಾವಣಿಯ ಕೆಳಗೆ ನಲವತ್ತಮೂರು,
ಒದ್ದೆ, ಕಡುಗಪ್ಪು, ಬಾಯಿ ತೆರೆದು,
ಹಾಡು ಮರೆತ ಚರ್ಚಿನ ಮಕ್ಕಳ ಸಾಲು.
"ಇನ್ನೂ ಸುಟ್ಟಿಲ್ಲ, ಎಣಿಸಬೇಡ" ಅಂದಳು.
ವಾರದಲ್ಲಿ ಸುಡುತ್ತೀಯಲ್ಲ, ಅಂದೆ.
ಬರೆದೆ. ನಲವತ್ತಮೂರು.
ಮಸೆಕೊ ಸಾಹೇಬರ ಫೋನು ಬೆಳಗಿನಿಂದ ಮೂರು ಸಲ,
ಅಂಕಿ ಎಲ್ಲಿ, ಅಂಕಿ.
ಒಂದು ಒಲೆಗೆ ಇಷ್ಟು ಮರ, ಇಷ್ಟು ಮರಕ್ಕೆ ಇಷ್ಟು ಹೊಗೆ;
ಗುಣಾಕಾರ ಲಿಲಾಂಗ್ವೆಯಲ್ಲಿ.

ಐದು ದಿನದ ಮೇಲೆ
ಸಮುದ್ರವೇ ಇಲ್ಲದ ನಾಡಿಗೆ
ಸಮುದ್ರ ನಡೆದುಕೊಂಡು ಬಂತು.
ಬೆಟ್ಟ ತನ್ನ ಬಂಡೆಗಳನ್ನು ತಾನೇ ಕೆಳಗೆ ಕಳಿಸಿತು.
ಫಲೆಸಿಯ ಮನೆ ಹೋಯಿತು. ಫಲೆಸಿಯೂ.
ಇದನ್ನು ಬರೆಯಲು ನನ್ನ ನಮೂನೆಯಲ್ಲಿ ಜಾಗವಿಲ್ಲ.

ನೀರಿಳಿದ ಮೇಲೆ ಹೋದೆ.
ಕಂಬ ನಾಲ್ಕೂ ನಿಂತಿದ್ದವು, ಆಶ್ಚರ್ಯ.
ಕೆಳಗೆ ಒಲೆಗಳಿಲ್ಲ,
ಮೆತ್ತನೆಯ ದಿಬ್ಬಗಳು;
ಕೆಲವಕ್ಕೆ ಇನ್ನೂ ಹಿಡಿಯ ಗುರುತು,
ಒಂದರ ಮೇಲೆ ಕೋಳಿಯ ಹೆಜ್ಜೆ.

ಕಳೆಯಬೇಕು ಸಾರ್, ನಲವತ್ತಮೂರು, ಅಂದೆ ಫೋನಿನಲ್ಲಿ.
ಆ ಕಡೆ ನಿಟ್ಟುಸಿರೋ, ಫ್ಯಾನೋ.
"ವರದಿ ಹೋಗಿ ಆಯ್ತಪ್ಪ. ಮುದ್ರೆಯೂ ಬಿತ್ತು.
ಮುಂದಿನ ಸುತ್ತಿನಲ್ಲಿ ನೋಡೋಣ."
ಹಾಗಾಗಿ ಎಲ್ಲೋ ತಣ್ಣನೆಯ ಊರಿನ
ಉದ್ದನೆಯ ಮೇಜಿನ ಮೇಲೆ
ನಮ್ಮ ಒಲೆಗಳು ಇವತ್ತಿಗೂ ಉರಿಯುತ್ತಿವೆ,
ಹೊಗೆಯಿಲ್ಲದೆ, ಬೆಂಕಿಯೂ ಇಲ್ಲದೆ,
ಮೇಲೊಂದು ಮಡಕೆಯಿಲ್ಲದೆ.

ಹಸಿ ಸುಳ್ಳು ಅನ್ನುತ್ತೀರಿ.
ರಾತ್ರಿಯೆಲ್ಲ ನಾನೂ ಹಾಗೇ ಅಂದುಕೊಂಡೆ.
ಬೆಳಿಗ್ಗೆ ಎನೆಲೆಸಿಗೆ ಹೇಳಿದೆ, ತಲೆ ತಗ್ಗಿಸಿ.
ಅವಳು ಮೂರು ಕಲ್ಲಿನ ಮೇಲೆ
ಜೋಳದ ಮುದ್ದೆ ತಿರುವುತ್ತಿದ್ದಳು,
ಒದ್ದೆ ಸೌದೆ, ಕಣ್ಣಲ್ಲಿ ನೀರು;
ಯಾತರ ನೀರೆಂದು ನಾನು ಕೇಳಲಿಲ್ಲ.
"ಸುಳ್ಳಲ್ಲ," ಅಂದಳು. "ಸುಟ್ಟಿಲ್ಲ, ಅಷ್ಟೆ.
ನಿಮ್ಮ ದೊಡ್ಡವರ ಮಾತೂ ಹಾಗೇ ಇರಬೇಕು, ಹಸಿ.
ಗೂಡಿಗೆ ಹಾಕದೆ ಸಂತೆಗೆ ಒಯ್ದರೆ
ಮೊದಲ ಮಳೆಗೇ ಬಯಲು.
ಆ ಮಾತು ಸುಡಲು ಸೌದೆ ಯಾರು ತರಬೇಕಂತೆ?"
ನೆರವು ಬಂದರೆ, ಅಂದೆ.
ನಕ್ಕಳು. ಒಂದು ತುತ್ತು ಮುದ್ದೆ, ಎರಡು ಒಣಮೀನು
ಕೈಗಿಟ್ಟಳು.

ಬಿಸಿಲೇರುವ ಹೊತ್ತಿಗೆ ಹೆಂಗಸರು ಸೇರಿದರು, ಹತ್ತು.
ದಿಬ್ಬ ಒಡೆದು, ನೀರು ಚಿಮುಕಿಸಿ
ತುಳಿಯತೊಡಗಿದರು.
ಮೊದಲು ಅಳಿಸಿದ್ದು ಕೋಳಿಯ ಹೆಜ್ಜೆ.
ನಾನು ಸೈಕಲ್ಲಿಗೆ ಒರಗಿ ಪೆನ್ನು ಹಿಡಿದು ನಿಂತೆ.
ಅದೇ ಮಣ್ಣು. ಎರಡನೆಯ ಸಲ ಎಣಿಸಬಹುದೇ
ಎಂಬುದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ.
"ಒಬ್ಬರ ಕಾಲು ಕಡಿಮೆಯಿದೆ," ಅಂದಳು ಎನೆಲೆಸಿ,
ನನ್ನ ಕಡೆ ನೋಡದೆ.
"ಚಪ್ಪಲಿ ಬಿಚ್ಚು."

ಬಿಚ್ಚಿದೆ.